ರೇಡಿಯೋದ ಚಟಪಟವೂ ಭರಣಿಯ ಮಳೆಯೂ

ಏಪ್ರಿಲ್ ತಿಂಗಳ ಕೊನೆ. ಮಹಡಿಯ ಮೇಲೆ ಸಂಡಿಗೆ ಒಣಗುತ್ತಿದೆ. ನೆತ್ತಿಯ ಮೇಲೆ ಮೋಡದ ತುಣುಕೂ ಇಲ್ಲ. ಕೆಳಗೆ ನಡುಮನೆಯಲ್ಲಿ ತಾವು ಮಧ್ಯಮ ತರಂಗದಲ್ಲಿ ಮಧ್ಯಾಹ್ನದ ಸಂಗೀತವನ್ನು ಕೇಳುತ್ತ ಕುಳಿತಿದ್ದೀರಿ. ರಾಗ ಬೆಳೆಯುವ ಹೊತ್ತಿಗೆ ಸರಿಯಾಗಿ ರೇಡಿಯೋ ಚಟಪಟ ಎನ್ನತೊಡಗುತ್ತದೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ನಮ್ಮ ಮನೆಯಲ್ಲಿ ಈ ಸದ್ದು ಕೇಳಿದೊಡನೆ ಮನೆಯಾಕೆ, "ಸಂಡಿಗೆ ಎತ್ತಿಬಿಡಿ" ಎನ್ನುತ್ತಾಳೆ. ಗಂಟೆ ಎರಡು ಗಂಟೆಯೊಳಗೆ ಮಳೆ ಹೊಡೆಯುವುದೂ ಉಂಟು.

ಇದರಲ್ಲಿ ಶಕುನವೇನೂ ಇಲ್ಲ. ಮಿಂಚು ಹೊಳೆದಾಗ ಬೆಳಕಿನ ಜೊತೆಗೆ ರೇಡಿಯೋ ಅಲೆಗಳೂ ಹೊರಡುತ್ತವೆ. ಕಣ್ಣಿಗೆ ಕಾಣದಷ್ಟು ದೂರದ ಮಿಂಚು ನಮ್ಮ ಪೆಟ್ಟಿಗೆಗೆ ಕೇಳಿಸುತ್ತದೆ. 1895ರಲ್ಲಿ ರಷ್ಯದ ವಿಜ್ಞಾನಿ ಪೊಪೋವ್ ಕಟ್ಟಿದ ಉಪಕರಣ ಮಾಡಿದ್ದು ಇದನ್ನೇ, ದೂರದ ಮಿಂಚನ್ನು ಗುರುತಿಸುವುದನ್ನು. ಸಂಗೀತ ಕೇಳಿಸುವ ಮುಂಚೆಯೇ ಈ ವಿದ್ಯೆ ಸಿಡಿಲನ್ನು ಕೇಳಿಸಿತು ಎನ್ನಬಹುದು.

ಆ ಮಿಂಚು ಹುಟ್ಟುವುದೆಲ್ಲಿ? ನಾವು ಗಾಳಿಯ ಕಡಲಿನ ತಳದಲ್ಲಿ ವಾಸಿಸುವವರು. ಸಮುದ್ರಮಟ್ಟದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಗಾಳಿಯ ಭಾರವಿದೆ. ಸುಮಾರು ಐದೂವರೆ ಕಿಲೋಮೀಟರ್ ಮೇಲೇರಿದರೆ ಅರ್ಧ ಗಾಳಿ ನಮ್ಮ ಕಾಲ ಕೆಳಗೇ ಉಳಿದುಬಿಡುತ್ತದೆ. ಈ ಕಡಲಿನ ಅತ್ಯಂತ ಕೆಳಗಿನ ಪದರಕ್ಕೆ ಪರಿವರ್ತನ ಮಂಡಲವೆಂದು ಹೆಸರು. ನಮ್ಮ ನಾಡಿನ ಮೇಲೆ ಇದರ ಎತ್ತರ ಸುಮಾರು 16 ಕಿಲೋಮೀಟರ್. ಧ್ರುವಗಳ ಕಡೆ ಅದರ ಅರ್ಧದಷ್ಟೇ. ನೀರಾವಿ ಬಹುಮಟ್ಟಿಗೆ ಇದರಲ್ಲೇ ಇದೆ, ಆದುದರಿಂದ ಮಳೆಯೂ ಮೋಡವೂ ಇದರ ಸೊತ್ತು.

ಮೇಲೆ ಹೋದಷ್ಟೂ ಸೂರ್ಯನಿಗೆ ಹತ್ತಿರವಲ್ಲವೆ, ಅಲ್ಲಿ ಚಳಿ ಏಕೆ ಎಂದು ವರ್ಷಕ್ಕೊಬ್ಬ ಹುಡುಗನಾದರೂ ತರಗತಿಯಲ್ಲಿ ಕೇಳುತ್ತಾನೆ. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಸ್ವಲ್ಪವೇ. ಅದು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಒಲೆ ಇರುವುದು ಕೆಳಗೆ. ಹೀಗಾಗಿ ಮೇಲೇರಿದಂತೆ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ತಂಪಾಗುತ್ತ, ಈ ಮಂಡಲದ ತುದಿಯಲ್ಲಿ ಸೊನ್ನೆಗಿಂತ 75 ಡಿಗ್ರಿಗೂ ಕೆಳಗಿನ ಚಳಿಯಿರುತ್ತದೆ.

ಅಲ್ಲಿಂದ ಮುಂದಿನದು ಸಮೋಷ್ಣ ಮಂಡಲ. ಹೆಸರಿನಲ್ಲಿ ಒಂದು ತೊಡಕಿದೆ. ಮೊದಲು ಇದನ್ನು ಕಂಡವರಿಗೆ ಅಲ್ಲಿ ಉಷ್ಣ ಸಮನಾಗಿರುವಂತೆ ತೋರಿತು. ಆಮೇಲೆ ನೋಡಿದರೆ ಮೇಲೇರಿದಂತೆ ಶಾಖ ಹೆಚ್ಚುತ್ತದೆ. ಓಜೋನ್ ಎಂಬ ಅನಿಲ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರುವುದೇ ಕಾರಣ. ಹೆಸರು ಮಾತ್ರ ಪಠ್ಯಪುಸ್ತಕದಲ್ಲಿ ಹಾಗೆಯೇ ನಿಂತಿದೆ. ಬೆಂಗಳೂರಿನಲ್ಲಿ ರಾಮನ್ನರ ಬಳಿ ಸಂಶೋಧನೆ ನಡೆಸಿದ್ದ ಅನ್ನಾ ಮಣಿಯವರು, ಬಲೂನಿಗೆ ಕಟ್ಟಿ ಮೇಲೆ ಕಳುಹಿಸಿ ಈ ಓಜೋನನ್ನು ಅಳೆಯುವ ಉಪಕರಣವನ್ನು 1960ರ ದಶಕದಲ್ಲಿ ನಮ್ಮ ದೇಶದಲ್ಲೇ ರೂಪಿಸಿದರು.

ಇನ್ನು ಭರಣಿಯ ಮಧ್ಯಾಹ್ನಕ್ಕೆ ಬರೋಣ. ಬೆಳಗಿನಿಂದ ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ. ಏರಿದಂತೆ ಒತ್ತಡ ಕಡಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ, ಕಿಲೋಮೀಟರಿಗೆ ಹತ್ತು ಡಿಗ್ರಿಯ ಹತ್ತಿರ. ಒಂದು ಎತ್ತರದಲ್ಲಿ ಅದರೊಳಗಿನ ಆವಿ ಹನಿಗಟ್ಟುತ್ತದೆ. ಮೋಡದ ಬುಡ ಅದೇ. ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ನೀರನ್ನು ಆವಿಯಾಗಿಸಲು ಬಿಸಿಲು ವೆಚ್ಚಮಾಡಿದ ಶಾಖ ಎಲ್ಲಿಯೂ ಹೋಗಿರುವುದಿಲ್ಲ. ಒಂದು ಗ್ರಾಂ ಆವಿ ನೀರಾದಾಗ ಆರುನೂರು ಕ್ಯಾಲೊರಿಯ ಹತ್ತಿರ ಹತ್ತಿರ ಶಾಖ ಹಿಂದಿರುಗುತ್ತದೆ. ಅಡಗಿಟ್ಟ ಹಣ ಕಷ್ಟಕಾಲಕ್ಕೆ ಒದಗಿದಂತೆ, ಈ ಶಾಖದ ಬಲದಿಂದ ಮೋಡ ಮತ್ತೂ ಮೇಲೇರುತ್ತದೆ. ಸುಮಾರು ಐದು ಕಿಲೋಮೀಟರಿನಾಚೆ ಅದರಲ್ಲಿ ಹಿಮ ಕಟ್ಟತೊಡಗುತ್ತದೆ. ಏರುವ ಹಿಮದ ಹರಳೂ ಇಳಿಯುವ ಮೆದು ಆಲಿಕಲ್ಲೂ ಒಂದಕ್ಕೊಂದು ತಾಗಿ ವಿದ್ಯುತ್ತು ಬೇರೆ ಬೇರೆಯಾಗುತ್ತದೆ. ಅದರ ಅಸಮಾನತೆ ತಾಳಲಾರದಷ್ಟಾದಾಗ ಮಿಂಚು.

ಸಮೋಷ್ಣ ಮಂಡಲದ ಹೊಸಿಲಿನಲ್ಲಿ ಮೋಡದ ಆಟ ನಿಲ್ಲುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿದ್ದು ಸೂರಿನಂತೆ ತಡೆಯುವುದರಿಂದ ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಗಲಕ್ಕೆ ಹರಡುತ್ತದೆ. ಸಂಜೆ ದೂರದ ದಿಗಂತದಲ್ಲಿ ಆ ಆಕಾರ ಕಂಡರೆ, ತಾವು ನೋಡುತ್ತಿರುವುದು ವಾಯುಮಂಡಲದ ಮೊದಲನೆಯ ಅಂತಸ್ತಿನ ಮಾಳಿಗೆಯನ್ನು.

ಇಂಥ ಮೋಡವೊಂದರ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಒಂದು ಗಂಟೆಯ ಆಚೀಚೆ. ಒಂದು ಬೀದಿ ನೆನೆದು ಮುಂದಿನ ಬೀದಿಯಲ್ಲಿ ಧೂಳೇಳುವುದು ಇದರಿಂದಲೇ. ಹವಾ ವರ್ತಮಾನದಲ್ಲಿ "ಅಲ್ಲಲ್ಲಿ ಗುಡುಗುಸಹಿತ ಮಳೆ" ಎಂದಾಗ ನಗುವವರಿದ್ದಾರೆ. ನಾನೂ ನಕ್ಕವನೇ. ಆದರೆ "ಅಲ್ಲಲ್ಲಿ" ಎಂಬುದು ಜಾರಿಕೊಳ್ಳುವ ಮಾತಲ್ಲ, ಈ ಕಾಲದ ಮಳೆಯ ನಿಜವಾದ ಲಕ್ಷಣವೇ ಅದು. ಜೂನ್ ಬಂತೆಂದರೆ ಬೇರೆ. ಆಗ ಅರಬ್ಬೀ ಸಮುದ್ರದ ಗಾಳಿ ಅಖಂಡವಾಗಿ ಬಂದು ಘಟ್ಟಕ್ಕೆ ಬಡಿದು ಏರಲೇಬೇಕಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಸಿ, ಘಟ್ಟ ಇಳಿದ ಮೇಲೆ ಬಡವಾಗಿ, ಇನ್ನೂರು ಕಿಲೋಮೀಟರಿನೊಳಗಿರುವ ಚಳ್ಳಕೆರೆಯ ಪಾಲಿಗೆ 500ರ ಆಸುಪಾಸು ಮಾತ್ರ ಉಳಿಸುತ್ತದೆ.

ಏಪ್ರಿಲ್ ಮೇ ತಿಂಗಳ ಮೋಡಕ್ಕೆ ಹೆದರಬೇಕಾದದ್ದು ಮಳೆಗಲ್ಲ. ನನ್ನ ತರಗತಿಯ ಹುಡುಗನೊಬ್ಬನ ತಂದೆ ಗಾಳಿ ಎದ್ದುದನ್ನು ಕಂಡು ಕುರಿಗಳೊಡನೆ ಹುಣಿಸೆಮರದ ಕೆಳಗೆ ನಿಂತಿದ್ದರು. ಅಲ್ಲಿ ಹನಿಯೂ ಬಿದ್ದಿರಲಿಲ್ಲವಂತೆ, ಸಿಡಿಲು ಬಿತ್ತು. ಮೋಡದಿಂದ ಹತ್ತು ಕಿಲೋಮೀಟರ್ ದೂರಕ್ಕೂ ಸಿಡಿಲು ಬೀಳಬಲ್ಲದು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಮರವನ್ನೂ ಬಯಲನ್ನೂ ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು; ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಡಬಾರದು. ಆ ವೇಳೆಗಾಗಲೇ ರೇಡಿಯೋದ ಏರಿಯಲ್ ತಂತಿಯನ್ನೂ ವಿದ್ಯುತ್ತಿನ ಪ್ಲಗ್ಗನ್ನೂ ಕಳಚಿಟ್ಟಿರಬೇಕು. ಸಂಡಿಗೆ ನೆನೆದರೆ ನೆನೆಯಲಿ, ಮಹಡಿ ಹತ್ತಬೇಡಿ.

ರಾತ್ರಿ ಮಳೆ ನಿಂತು ನಕ್ಷತ್ರ ಕಂಡ ಮೇಲೂ ಚಟಪಟ ಕೇಳಿದರೆ ಗಾಬರಿ ಬೇಡ. ಹಗಲಿನಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ಕಣಗಳ ಪದರವೊಂದು ಮಧ್ಯಮ ತರಂಗಗಳನ್ನು ನುಂಗುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗಿ, ಇನ್ನೂ ಮೇಲಿನ ಪದರಗಳು ಅಲೆಗಳನ್ನು ಭೂಮಿಯ ಕಡೆಗೆ ಬಾಗಿಸಿ ಕಳುಹಿಸುತ್ತವೆ. ಹಗಲಿನಲ್ಲಿ ಕೇಳದ ದೂರದ ನಿಲಯಗಳು ಆಗ ಸಿಕ್ಕುತ್ತವೆ. ಅವುಗಳ ಜೊತೆಗೆ, ನೂರಾರು ಕಿಲೋಮೀಟರಿನಾಚೆ ಇನ್ನಾವುದೋ ಊರಿನ ಮೇಲೆ ಹೊಳೆಯುತ್ತಿರುವ ಮಿಂಚೂ ಬರುತ್ತದೆ.