ಎರಿ ಹೊಲಕ್ಕ ಮಸಾರಿ ಒಡ್ಡು ಸಲ್ಲದು

ನಮ್ಮ ಹೊಲ ಎರಡು ತುಂಡು. ಮೇಲಿನದು ಕಪ್ಪತಗುಡ್ಡದ ಕಡೆ ಏರಿನಲ್ಲಿರುವ ಮಸಾರಿ, ನಾಲ್ಕು ಎಕರೆ. ಕೆಳಗಿನದು ಹಳ್ಳದ ದಂಡೆಯ ಎರಿ, ಆರು ಎಕರೆ. 2009ರ ಬೇಸಿಗೆಯಲ್ಲಿ ಎರಡಕ್ಕೂ ಒಂದೇ ನಮೂನಿ ಒಡ್ಡು ಹಾಕಿದೆ. ಇಳಿಜಾರಿಗೆ ಅಡ್ಡ, ಪೂರ್ತಿ ಮಟ್ಟ, ಹನಿ ನೀರೂ ಹೊರಗೆ ಹೋಗಬಾರದು ಎಂಬ ಲೆಕ್ಕ. ಆ ವರ್ಷ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕಕ್ಕೆಲ್ಲ ಬಿದ್ದ ದೊಡ್ಡ ಮಳಿ ನಿಮಗೂ ನೆನಪಿರಬೇಕು. ಮಳಿ ಹೊಳವಾದ ಮೇಲೆ ಹೋಗಿ ನೋಡಿದರೆ ಮಸಾರಿ ಒಡ್ಡು ಹಂಗೇ ನಿಂತಿತ್ತು. ಎರಿ ಒಡ್ಡು ಮೂರು ಕಡೆ ಒಡೆದು, ಆಗಷ್ಟೇ ನಾಟಿದ್ದ ಜೋಳ, ಅದರ ಜೋಡಿ ಮೇಲಿನ ಮಣ್ಣು ಎಲ್ಲ ಹಳ್ಳ ಸೇರಿತ್ತು. ಒಡೆಯದೆ ಉಳಿದ ಕಡೆ ಒಡ್ಡಿನ ಮಗ್ಗಲು ಹತ್ತು ದಿನ ನೀರು ನಿಂತು ಬೆಳೆ ಹಳದಿಯಾಗಿ ಹೋಯಿತು.

ಅಪ್ಪ ಬದುವಿನ ಮೇಲೆ ಕುಂತು ಒಂದೇ ಮಾತು ಅಂದ: “ತಮ್ಮಾ, ಎರಿಯೊಳಗ ನೀರು ಕಟ್ಟಿ ಹಾಕಬಾರದು, ಸಾವಕಾಶ ನಡಸಬೇಕು.” ಆ ಮಾತು ಯಾಕೆ ಖರೆ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಓದಿ ತಿಳಿದದ್ದು ಸ್ವಲ್ಪ, ಹೊಲದಲ್ಲಿ ಕಂಡದ್ದು ಹೆಚ್ಚು. ಹೊಸದಾಗಿ ಒಡ್ಡು ಹಾಕುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಒಂದೇ ಗುಡ್ಡದ ಕೆಳಗೆ ಎರಡು ಮಣ್ಣು

ಶಿರಹಟ್ಟಿಯಿಂದ ಡಂಬಳ, ಡೋಣಿ ಕಡೆಗೆ ಹೋಗುವಾಗ ಗಮನಿಸಿ ನೋಡ್ರಿ. ಗುಡ್ಡದ ಬುಡದಲ್ಲಿ ಗರಸು, ಕೆಳಗೆ ಬಂದಂತೆ ಕೆಂಪು ಮಸಾರಿ, ಇನ್ನೂ ಕೆಳಗೆ ಇಳಿದರೆ ಎರಿ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ಹಮ್ಮಿಗಿ ಕಡೆ ತುಂಗಭದ್ರೆಯ ದಂಡೆಗೂ ಎರಿ ಇದೆ. ಲಕ್ಷ್ಮೇಶ್ವರ, ಗದಗ ಕಡೆ ಬಯಲಿಗೆ ಬಯಲೇ ಎರಿ.

ಎರಿ ಎಂದರೆ ಜ್ವಾಲಾಮುಖಿ ಕಲ್ಲಿನಿಂದಲೇ ಆದದ್ದು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ವಿಜಯಪುರದ ಕಡೆಗೆ ಅದು ಸರಿ. ನಮ್ಮ ಕಡೆ ನೆಲದ ಬುಡದಲ್ಲಿರುವುದು ಬಹಳಷ್ಟು ಧಾರವಾಡ ಶಿಲೆ ಎನ್ನುವ ಹಳೇ ಪದರುಗಲ್ಲು. ಬಾವಿ ತೋಡುವಾಗ ಹಸಿರು ಛಾಯೆಯ ಪದರು ಪದರು ಕಲ್ಲು ಬರುತ್ತದಲ್ಲ, ಅದು. ಅದು ಕರಗಿದಾಗ ಸುಣ್ಣ, ಮೆಗ್ನೀಷಿಯಂ ಬಿಡುತ್ತದೆ. ಏರಿನಲ್ಲಿ ನೀರು ಬಸಿದು ಹೋಗುವುದರಿಂದ ಅವು ತೊಳೆದು ಹೋಗಿ, ಕಬ್ಬಿಣ ತುಕ್ಕು ಹಿಡಿದು ಮಣ್ಣು ಕೆಂಪಾಗುತ್ತದೆ. ತಗ್ಗಿನಲ್ಲಿ ಸುಣ್ಣ ಉಳಿಯುತ್ತದೆ, ಮೇಲಿನಿಂದಲೂ ಬಂದು ಸೇರುತ್ತದೆ, ಅಲ್ಲಿ ಎರಿ ಆಗುತ್ತದೆ. ಎರಿ ಅಗೆದಾಗ ಸಿಗುವ ಬಿಳಿ ಹರಳು ಇದೇ ಸುಣ್ಣ.

ಕಪ್ಪು ಇದ್ದದ್ದಕ್ಕೆ ಗೊಬ್ಬರ ಬಹಳ ಇದೆ ಎಂದು ತಿಳಿಯಬ್ಯಾಡ್ರಿ. ನಾನೂ ಹಂಗೇ ತಿಳಿದಿದ್ದೆ. ನಮ್ಮ ಎರಿಯ ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ ನೂರಕ್ಕೆ ಅರ್ಧವೂ ಇರಲಿಲ್ಲ. ಇದ್ದ ಸ್ವಲ್ಪ ಅಂಶ ಸಣ್ಣ ಜೇಡಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಮಣ್ಣು ಕಪ್ಪಾಗಿ ಕಾಣುತ್ತದೆ, ಅಷ್ಟೇ.

ಹಿಗ್ಗುವ ಜೇಡಿ

ಮಣ್ಣಿನ ಅತಿ ಸಣ್ಣ ಕಣಕ್ಕೆ ಜೇಡಿ ಎನ್ನುತ್ತೇವೆ. ಒಂದು ಮಿಲಿಮೀಟರನ್ನು 500 ಪಾಲು ಮಾಡಿದರೆ ಒಂದು ಪಾಲಿಗಿಂತ ಸಣ್ಣದು. ಒಳ್ಳೆ ಎರಿಯಲ್ಲಿ ಅರ್ಧಕ್ಕೆ ಅರ್ಧ ಜೇಡಿಯೇ ಇರುತ್ತದೆ. ಆದರೆ ಗುಣ ಬರುವುದು ಜೇಡಿ ಎಷ್ಟಿದೆ ಎಂಬುದರಿಂದ ಮಾತ್ರ ಅಲ್ಲ, ಯಾವ ಜಾತಿಯ ಜೇಡಿ ಎಂಬುದರಿಂದಲೂ ಬರುತ್ತದೆ.

ಒಂದರ ಮೇಲೊಂದು ಒಟ್ಟಿದ ರೊಟ್ಟಿ ನೆನೆಸಿಕೊಳ್ಳಿ. ಜೇಡಿಯ ಒಂದೊಂದು ಕಣವೂ ಹಂಗೇ ಪದರು ಪದರು ಇರುತ್ತದೆ. ಮಸಾರಿಯ ಜೇಡಿಯಲ್ಲಿ ಈ ರೊಟ್ಟಿಗಳು ಒಂದಕ್ಕೊಂದು ಗಟ್ಟಿ ಅಂಟಿಕೊಂಡಿರುತ್ತವೆ. ನೀರು ಹೊರಗೆ ಮಾತ್ರ ಹತ್ತುತ್ತದೆ. ಎರಿಯ ಜೇಡಿಯಲ್ಲಿ ರೊಟ್ಟಿ ರೊಟ್ಟಿ ನಡುವೆ ನೀರು ಹೊಗುತ್ತದೆ, ಒಟ್ಟಿಲು ಎತ್ತರ ಆಗುತ್ತದೆ. ಒಣಗಿದಾಗ ಕುಗ್ಗುತ್ತದೆ. ಈ ಜಾತಿಗೆ ಓದಿದವರು ಮಾಂಟ್ಮೊರಿಲೊನೈಟ್ ಎನ್ನುತ್ತಾರೆ. ಹೆಸರು ನೆನಪಿಡದಿದ್ದರೂ ನಡೆದೀತು, ಹಿಗ್ಗಿ ಕುಗ್ಗುವ ಗುಣ ನೆನಪಿಡಬೇಕು.

ಬೇಸಿಗೆಯ ಬಿರುಕಿನಲ್ಲಿ ತೊಗರಿ ಕಟ್ಟಿಗೆ ಇಳಿಬಿಟ್ಟು ನೋಡಿದ್ದೇನೆ, ಮೂರು ಅಡಿ ಹೋಗಿದೆ. ಹರಗದೆ ಬಿಟ್ಟ ಕಡೆ ಕರುವಿನ ಕಾಲು ಸಿಗುವಷ್ಟು ಅಗಲ. ಮಳಿ ಬಂದಾಗ ಮೇಲಿನ ಹುಡಿಮಣ್ಣು ಬಿರುಕಿನೊಳಗೆ ಬೀಳುತ್ತದೆ. ನಂತರ ತಳದ ಮಣ್ಣು ಹಿಗ್ಗಿದಾಗ ಅದಕ್ಕೆ ಜಾಗ ಸಾಲದೆ ಮಗ್ಗಲಿಗೆ, ಮೇಲಕ್ಕೆ ಒತ್ತುತ್ತದೆ. ಕೃಷಿ ಹೊಂಡ ತೋಡಿಸಿದವರು ಗೋಡೆ ನೋಡಿರಬಹುದು. ಮೂರು ನಾಲ್ಕು ಅಡಿ ಆಳದಲ್ಲಿ ಓರೆಯಾಗಿ, ಎಣ್ಣೆ ಸವರಿದಂತೆ ಮಿಂಚುವ ಮುಖ ಇರುತ್ತವೆ. ಮಣ್ಣಿಗೆ ಮಣ್ಣು ತಿಕ್ಕಿ ಜಾರಿದ ಗುರುತು ಅವು. ಎರಿಯಲ್ಲಿ ಕರೆಂಟ್ ಕಂಬ ವಾಲುವುದು, ಬುನಾದಿ ಆಳ ತೆಗೆಯದ ಮನೆಯ ಗೋಡೆ ಸೀಳುವುದು ಇದರಿಂದಲೇ. ಗೌಂಡಿ ಕೈ ಸರಿ ಇಲ್ಲ ಎಂದು ಬೈಯುವ ಮೊದಲು ನೆಲ ನೋಡಬೇಕು.

ನಿಮ್ಮ ಮಣ್ಣು ಎಂಥದು ಎಂದು ತಿಳಿಯಲು ಒದ್ದೆ ಮಾಡಿ ಹಿಟ್ಟಿನಂತೆ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ತೆಗೆಯಿರಿ. ಎರಡು ಇಂಚು ಮುರಿಯದೆ ಬಂದರೆ ಜೇಡಿ ಬಹಳ. ಮಸಾರಿ ಸಾಮಾನ್ಯವಾಗಿ ಇಂಚಿಗೇ ಮುರಿಯುತ್ತದೆ.

ನೀರು ಹಿಡಿಯುತ್ತದೆ, ಸುಮ್ಮನೆ ಕೊಡುವುದಿಲ್ಲ

ಒಂದು ಮೀಟರ್ ಆಳದ ಎರಿ ಬೆಳೆಗೆ ಸಿಗುವಂಥ ನೀರನ್ನು 150ರಿಂದ 200 ಮಿ.ಮೀ. ಹಿಡಿಯಬಲ್ಲದು. ಮಸಾರಿ ನೂರರ ಆಸುಪಾಸು. ಹಿಂಗಾರಿ ಜೋಳ, ಕಡಲಿ, ಕುಸುಬಿ ಮಳಿ ಇಲ್ಲದೆ ಛಳಿಯೊಳಗೆ ಬೆಳೆದು ಬರುವುದು ಈ ಗಂಟಿನ ಮೇಲೆ. ಇಬ್ಬನಿಯ ಮೇಲೆ ಬೆಳೆಯುತ್ತದೆ ಎಂದು ನಾವು ಅಂತೀವಿ, ಆದರೆ ಇಬ್ಬನಿಯಿಂದ ಸಿಗುವುದು ಬಹಳ ಕಡಿಮೆ. ಹೊಟ್ಟೆ ತುಂಬುವುದು ತಳದ ಹಸಿಯಿಂದ. ಆದ್ದರಿಂದ ಎರಿ ಎಂದರೆ ಸಾಲದು, ಎಷ್ಟು ಆಳ ಎಂದು ಹಾರಿ ಇಳಿಸಿ ನೋಡಬೇಕು. ಒಂದು ಅಡಿಗೇ ಗರಸು ಸಿಕ್ಕರೆ ಅದರಲ್ಲಿ ಇರುವುದು ಹೆಚ್ಚೆಂದರೆ 60 ಮಿ.ಮೀ. ಅಲ್ಲಿ ಹತ್ತಿ, ಹಿಂಗಾರಿ ಜೋಳ ಹಾಕಿ ಕೈ ಸುಟ್ಟುಕೊಳ್ಳುವ ಬದಲು ಮುಂಗಾರಿ ಹೆಸರು ಬೆಳೆದು ಸುಮ್ಮನಾಗುವುದು ಚಲೋ.

ಇನ್ನೊಂದು ಗುಣ ಇದೆ. ನೂರು ಕಿಲೋ ಎರಿ ಮಣ್ಣಿನಲ್ಲಿ 20 ಕಿಲೋ ನೀರು ಇದ್ದರೂ ಬೆಳೆ ಬಾಡಬಹುದು. ಜೇಡಿ ಅಷ್ಟು ಬಿಗಿಯಾಗಿ ಹಿಡಿದಿರುತ್ತದೆ, ಬೇರಿಗೆ ಎಳೆಯಲು ಆಗುವುದಿಲ್ಲ. ಮಸಾರಿಯಲ್ಲಿ ಎಂಟು ಹತ್ತು ಕಿಲೋ ಇರುವ ತನಕ ಬೆಳೆ ಎಳೆಯುತ್ತದೆ. ಜೂನ್‌ನಲ್ಲಿ ಒಂದು ಸಣ್ಣ ಮಳಿಗೆ ಮಸಾರಿ ಹಸಿರಾಗುತ್ತದೆ, ಎರಿ ಹಂಗೇ ಕಪ್ಪಗೆ ಇರುತ್ತದೆ. ಆ ಹತ್ತು ಮಿ.ಮೀ. ಎಂದರೆ ಎಕರೆಗೆ 40,000 ಲೀಟರ್ ನೀರು. ಎರಿ ಅದನ್ನು ತಾನೇ ನುಂಗಿ ಕುಂತಿರುತ್ತದೆ. ಒಂದು ಮಳಿಗೆ ಅವಸರ ಮಾಡಿ ಎರಿಗೆ ಬೀಜ ಹಾಕಬಾರದು ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಒಡ್ಡು ಯಾಕೆ ಒಡೆಯಿತು

ಈಗ ನನ್ನ ಒಡ್ಡಿಗೆ ಬರೋಣ. ಒಣ ಎರಿಗೆ ಬಿದ್ದ ಮೊದಲ ಮಳಿ ಬಿರುಕಿನೊಳಗೆ ಗಟಗಟ ಇಳಿಯುತ್ತದೆ. ಮೇಲಿನ ಅರ್ಧ ಅಡಿ ಹಿಗ್ಗಿ ಬಿರುಕು ಮುಚ್ಚಿಕೊಂಡಿತೆಂದರೆ ಬಾಗಿಲು ಹಾಕಿದಂತೆ. ಆ ಮೇಲೆ ತಾಸಿಗೆ ಕೆಲವೇ ಮಿ.ಮೀ. ಇಂಗುತ್ತದೆ. ಉಳಿದದ್ದೆಲ್ಲ ಹರಿದು ಒಡ್ಡಿನ ಬುಡಕ್ಕೆ ಬರಲೇಬೇಕು. ಮಸಾರಿಯಲ್ಲಿ ಒಡ್ಡಿನ ಹಿಂದೆ ನಿಂತ ನೀರು ಒಂದೆರಡು ದಿನದಲ್ಲಿ ಇಂಗುತ್ತದೆ, ಎರಿಯಲ್ಲಿ ನಿಂತೇ ಇರುತ್ತದೆ.

ಅದಕ್ಕೆ ಜೋಡಿ, ಒಡ್ಡು ಕೂಡ ಎರಿ ಮಣ್ಣಿನದೇ. ಅದೂ ಬಿರಿಯುತ್ತದೆ. ನಾನು ಬೇಸಿಗೆಯಲ್ಲಿ ಒಣ ಹೆಂಟಿ ಒಟ್ಟಿ ಒಡ್ಡು ಮಾಡಿದ್ದೆ. ಹೆಂಟಿ ನಡುವೆ ಪೊಳ್ಳು ಇತ್ತು. ನೀರು ಮೊದಲು ಬೆರಳು ಗಾತ್ರದ ದಾರಿ ಹುಡುಕಿತು, ತಾಸಿನಲ್ಲಿ ಅದು ಗಾಡಿ ಹಾಯುವ ಕಂಡಿ ಆಯಿತು. ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಕೆಲಸ ಮಾಡುತ್ತಿದೆ. ಆಳದ ಎರಿಗೆ ಮಟ್ಟದ ಒಡ್ಡು ಹೊಂದುವುದಿಲ್ಲ, ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು ಬೇಕು ಎಂದು ಅಲ್ಲಿಯವರು ಬಹಳ ಹಿಂದೆಯೇ ಹೇಳಿದ್ದಾರೆ. ಅಪ್ಪ ಹೇಳಿದ್ದೂ ಅದೇ.

ಈಗ ನಾನು ಮಾಡಿದ್ದು ಹೀಗೆ. ಒಡ್ಡಿನ ಸಾಲು ನೂರು ಮೀಟರಿಗೆ 20ರಿಂದ 30 ಸೆಂ.ಮೀ. ಇಳಿಯುವಂತೆ ಹಿಡಿದಿದ್ದೇನೆ. ಕೊನೆಗೆ ಕಲ್ಲಿನ ಕೋಡಿ. ಕೋಡಿಯ ಕೆಳಗೆ ನೀರು ಬೀಳುವ ಜಾಗಕ್ಕೂ ಗುಂಡಗಲ್ಲು ಹಾಸಿದ್ದೇನೆ, ಇಲ್ಲದಿದ್ದರೆ ಅಲ್ಲಿ ಗುಂಡಿ ಬಿದ್ದು ಕೋಡಿಯೇ ಕುಸಿಯುತ್ತದೆ. ಒಡ್ಡಿಗೆ ಮಣ್ಣು ಹಾಕಿದ್ದು ಬೇಸಿಗೆಯಲ್ಲಿ ಅಲ್ಲ, ಮಳಿಯಾಗಿ ಹದ ಬಂದಾಗ. ಅರ್ಧ ಅಡಿ ಹಾಕುವುದು, ತುಳಿಸುವುದು, ಮತ್ತೆ ಹಾಕುವುದು. ಮೈಮೇಲೆ ನಾಲ್ಕು ಬೆರಳು ಗರಸು ಹೊದಿಸಿ ಹುಲ್ಲು ಹಚ್ಚಿದೆ. ಗರಸು ಇದ್ದರೆ ಒಡ್ಡು ಜಲ್ದಿ ಒಣಗುವುದಿಲ್ಲ, ಬಿರುಕು ಕಡಿಮೆ. ಕರಕಿ ಮಾತ್ರ ಹಚ್ಚಬ್ಯಾಡ್ರಿ. ಒಡ್ಡು ಹಿಡಿಯುತ್ತದೆ ನಿಜ, ಆದರೆ ಹೊಲಕ್ಕೆ ಇಳಿದರೆ ಮುಂದಿನ ಹತ್ತು ವರ್ಷ ಅದನ್ನೇ ಅಗೆಯುತ್ತ ಕೂಡಬೇಕು.

ನೀರನ್ನು ಒಡ್ಡಿನ ತನಕ ಬರಲು ಬಿಡುವುದೇ ತಪ್ಪು ಎಂಬುದು ಆ ಮೇಲೆ ತಿಳಿಯಿತು. ಹಿಂಗಾರಿಗೆ ಬಿಟ್ಟ ಹೊಲದಲ್ಲಿ ಜೂನ್, ಜುಲೈನಲ್ಲಿ ಚೌಕುಮಡಿ ಮಾಡುತ್ತೇನೆ. ಹತ್ತು ಹದಿನೈದು ಅಡಿಗೆ ಒಂದರಂತೆ ಉದ್ದ ಅಡ್ಡ ಸಣ್ಣ ಬದು, ಎತ್ತಿನಿಂದ ಎಳೆಯುವ ಹಲಗಿ ಇದ್ದರೆ ಕೆಲಸ ಸಲೀಸು. ಒಂದು ಕಡೆ ಬಹಳ ನೀರು ನಿಲ್ಲುವ ಬದಲು ಎಲ್ಲ ಕಡೆ ಸ್ವಲ್ಪ ಸ್ವಲ್ಪ ನಿಂತು, ಹೊತ್ತು ತಗೊಂಡು ಇಂಗುತ್ತದೆ. ಉತ್ತರಿ ಮಳಿಯ ಹೊತ್ತಿಗೆ ಕುಂಟಿ ಹೊಡೆದು ಮಟ್ಟ ಮಾಡಿ ಬಿತ್ತುವುದು. ವಿಜಯಪುರದ ಒಣಬೇಸಾಯ ಕೇಂದ್ರದವರು ಹೇಳುವುದೂ ಇದನ್ನೇ. ಬಿತ್ತಿದ ಮೇಲೆ ಎಡಿ ಹೊಡೆಯುವುದನ್ನು ಬಿಡಬಾರದು. ಕಸ ಇಲ್ಲ, ಎಡಿ ಯಾಕೆ ಎನ್ನುವವರಿದ್ದಾರೆ. ಎಡಿ ಹೊಡೆಯುವುದು ಬಿರುಕು ಮುಚ್ಚಲಿಕ್ಕೆ. ಬಿರುಕು ತೆರೆದಿದ್ದರೆ ತಳದ ಹಸಿಯನ್ನು ನಮ್ಮ ಗುಡ್ಡದ ಗಾಳಿ ಹೀರಿ ಒಯ್ಯುತ್ತದೆ, ಬೇರೂ ಹರಿಯುತ್ತವೆ.

ರೋಣ, ಕುಷ್ಟಗಿ ಕಡೆ ಎರಿಯ ಮೇಲೆ ಉಸುಕು ಹೊದಿಸುವ ರೂಢಿ ಇದೆ. ಹನಿಯ ಹೊಡೆತ ಮಣ್ಣಿಗೆ ತಾಗುವುದಿಲ್ಲ, ಬಾಗಿಲು ಬೇಗ ಮುಚ್ಚುವುದಿಲ್ಲ, ಒಣಗುವುದೂ ಸಾವಕಾಶ. ಗುಣ ಬಹಳ ಚಲೋ. ಆದರೆ ಖರ್ಚು ನಮ್ಮಂಥವರಿಗೆ ನಿಲುಕುವುದಿಲ್ಲ, ಎಲ್ಲರೂ ಹಳ್ಳದ ಉಸುಕು ಎತ್ತಿದರೆ ಬಾವಿಗಳ ಗತಿ ಏನು ಎಂಬ ಪ್ರಶ್ನೆಯೂ ಇದೆ. ನಾನು ಹೊದಿಸಿಲ್ಲ.

ಟ್ರ್ಯಾಕ್ಟರ್ ಮತ್ತು ನೀರಾವರಿ

ಎರಿಗೆ ಹದ ಇರುವುದು ಕೆಲವೇ ದಿನ. ಒದ್ದೆ ಇದ್ದಾಗ ಅಂಟು, ಒಣಗಿದಾಗ ಕಲ್ಲು. ಬಾಡಿಗೆ ಟ್ರ್ಯಾಕ್ಟರ್ ಸಿಕ್ಕಿತೆಂದು ಒದ್ದೆಯಲ್ಲಿ ಹೊಡೆಸಿದರೆ ಗಾಲಿ ಹಾಯ್ದ ಕಡೆ ಮಣ್ಣು ಹಂಚಿನಂತೆ ಗಟ್ಟಿಯಾಗುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡಿ ಮಾಡಿ ಎದೆ ಎತ್ತರದಿಂದ ಬಿಡ್ರಿ. ಚಪ್ಪಟೆಯಾದರೆ ಇನ್ನೂ ಕಾಯಬೇಕು, ಪುಡಿಯಾದರೆ ಹೊಡೆಯಬಹುದು.

ಸಿಂಗಟಾಲೂರು ಏತ ನೀರಾವರಿಯ ನೀರು ಬರುವ ಕಡೆಯವರಿಗೆ, ಬೋರ್ ಇದ್ದವರಿಗೆ ಒಂದು ಮಾತು. ಎರಿಯಲ್ಲಿ ನೀರು ಬಸಿಯುವುದಿಲ್ಲ ಎಂದ ಮೇಲೆ, ಕೊಟ್ಟ ನೀರಿನ ಉಪ್ಪೂ ಎಲ್ಲಿಗೂ ಹೋಗುವುದಿಲ್ಲ. ಬಸಿಗಾಲುವೆ ಇಲ್ಲದೆ ನೀರು ಹಾಯಿಸಿದ ಎರಿ ಸವಳಾದದ್ದನ್ನು ಮಲಪ್ರಭಾ ಕಾಲುವೆಯ ಕೆಳಗೆ ಹೋಗಿ ಕಣ್ಣಾರೆ ನೋಡಬಹುದು. ಒಂದು ಒಣ ಹೆಂಟಿಯನ್ನು ಗಾಜಿನ ಲೋಟದ ಮಳಿ ನೀರಿನಲ್ಲಿ ಇಟ್ಟು, ಅಲುಗಾಡಿಸದೆ ಬಿಟ್ಟು ನೋಡ್ರಿ. ಹೆಂಟಿ ಕುಸಿದು, ನೀರು ತಿಳಿಯಾಗೇ ಇದ್ದರೆ ಚಿಂತೆ ಇಲ್ಲ. ಸುತ್ತಲೂ ಹಾಲು ಕಲಸಿದಂತೆ ರಾಡಿ ಹಬ್ಬಿದರೆ ಸೋಡಿಯಂ ಹೆಚ್ಚಾಗಿದೆ ಎಂದು ಸಂಶಯ ಪಡಬೇಕು. ಆಗ ಮಣ್ಣು, ನೀರು ಎರಡನ್ನೂ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡಕ್ಕೋ ಒಯ್ದು ತೋರಿಸಿ, ಜಿಪ್ಸಂ ಎಷ್ಟು ಹಾಕಬೇಕು ಎಂದು ಕೇಳಿ ಬರ್ರಿ. ಅಂದಾಜಿಗೆ ಹಾಕಬ್ಯಾಡ್ರಿ, ಬಸಿ ತೆಗೆಯದೆ ಹಾಕಿದರಂತೂ ದುಡ್ಡು ದಂಡ.

ನನ್ನ ಹೊಸ ಒಡ್ಡು ಈಗ ನಿಂತಿದೆ. ಒಂದು ಕಡೆ, ಹಳೇ ಕಂಡಿ ಇದ್ದ ಜಾಗದಲ್ಲಿ, ಪ್ರತಿ ಬೇಸಿಗೆಯಲ್ಲೂ ಬಿರುಕು ಬಿಡುತ್ತದೆ. ರೋಹಿಣಿ ಮಳಿಗೆ ಮೊದಲು ಅದರೊಳಗೆ ಹುಡಿಮಣ್ಣು ತುಂಬಿ, ನೀರು ಹನಿಸಿ, ಒನಕಿಯಿಂದ ಕುಟ್ಟುತ್ತೇನೆ. ಅರ್ಧ ದಿನದ ಕೆಲಸ.