ಎಳೆಗೂಸಿನ ಭಾವಚಿತ್ರ: ಬೆಳಕು, ಬಿಸುಪು, ಬಣ್ಣ

೧೯೭೯ರಲ್ಲಿ ತೆರೆದ ಹಾಸನ–ಮಂಗಳೂರು ರೈಲುಮಾರ್ಗದಲ್ಲಿ, ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವೆ, ದಟ್ಟವಾದ ಕಾಡಿನೊಳಗೆ ಎಡಕುಮೇರಿ ಎಂಬ ಪುಟ್ಟ ನಿಲ್ದಾಣವಿದೆ. ಈ ಘಟ್ಟದ ಹಾದಿಯಲ್ಲಿ ೫೭ ಸುರಂಗಗಳಿವೆ. ಇಲ್ಲಿ ಹಗಲಿನಲ್ಲಿ ಪಯಣಿಸಿದವರು ಒಂದು ಸಂಗತಿಯನ್ನು ಗಮನಿಸಿರಬಹುದು: ಸುರಂಗದ ಬಾಯಲ್ಲಿ ಸ್ಪಷ್ಟವಾಗಿ ಕಾಣುವ ಗೋಡೆಯ ಕಲ್ಲು, ಗಾಡಿಯು ಸ್ವಲ್ಪ ದೂರ ಒಳಗೆ ಸರಿಯುವಷ್ಟರಲ್ಲಿ ಕತ್ತಲೆಯಲ್ಲಿ ಕರಗಿಹೋಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳೊಳಗೂ ಬೆಳಕಿನ ನಡೆ ಇದೇ ಬಗೆಯದು. ಮುಂದಕ್ಕೆ ಚಾಚಿದ ಸೂರು, ಅಂಗಳದ ಸುತ್ತ ಮರಗಳು, ಮೇಲೆ ಕವಿದ ಮೋಡ. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗಿರುವ ಬಾಣಂತಿಯ ಮಂಚದ ಬಳಿ ನಡುಹಗಲಿನಲ್ಲಿಯೂ ಮಬ್ಬು. ಇಂತಹ ಮನೆಯಲ್ಲಿ ಹುಟ್ಟಿದ ಹಸುಗೂಸಿನ ಭಾವಚಿತ್ರವನ್ನು ತೆಗೆಯುವುದು ಹೇಗೆ? ಇದು ಬೆಳಕಿನ ಪ್ರಶ್ನೆ ಮಾತ್ರವಲ್ಲ. ಶಿಶುವಿನ ದೇಹಧರ್ಮದ ಪ್ರಶ್ನೆಯೂ ಹೌದು.

೧೮೩೯ರಲ್ಲಿ ಛಾಯಾಗ್ರಹಣದ ವಿಧಾನವು ಲೋಕಕ್ಕೆ ತಿಳಿದುಬಂದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳ ಕಾಲ ಬೆಳಕು ಬೇಕಾಗುತ್ತಿತ್ತು. ಮುಂದೆ ಈ ಅವಧಿಯು ಸೆಕೆಂಡುಗಳಿಗೆ ಇಳಿದರೂ, ಅಷ್ಟರಲ್ಲಿ ಕೂಸು ಅಲುಗಿದರೆ ಚಿತ್ರವೆಲ್ಲ ಮಸಕಾಗುತ್ತಿತ್ತು. ಆದುದರಿಂದ ಅಂದಿನ ಪಾಶ್ಚಾತ್ಯ ಛಾಯಾಗ್ರಾಹಕರು ಕೆಲವೊಮ್ಮೆ ತಾಯಿಗೆ ಬಟ್ಟೆ ಹೊದಿಸಿ, ಆಕೆ ಕುರ್ಚಿಯೋ ಎಂಬಂತೆ ಮರೆಮಾಡಿ, ಆಕೆಯ ಕೈಗಳಲ್ಲಿಯೇ ಮಗುವನ್ನು ಹಿಡಿಸುತ್ತಿದ್ದರು. ಇಂದಿನ ಕ್ಯಾಮೆರಾಕ್ಕೆ ಸೆಕೆಂಡಿನ ೧/೧೨೫ ಭಾಗ ಸಾಕು. ಮಲಗಿರುವ ಕೂಸಿನ ಸಣ್ಣ ಅಲುಗಾಟವು ಅದರಲ್ಲಿ ಕಾಣಿಸದು. ಆದರೆ ಅಷ್ಟು ಅಲ್ಪ ಕಾಲದಲ್ಲಿ ಸಾಕಷ್ಟು ಬೆಳಕು ಮಸೂರವನ್ನು ದಾಟಿ ಬರಬೇಕಷ್ಟೆ.

ಒಂದು ಸಣ್ಣ ದೀಪದಿಂದ ಇಮ್ಮಡಿ ದೂರಕ್ಕೆ ಸರಿದರೆ ನಮ್ಮ ಮೇಲೆ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದೆಂದು ಭೌತಶಾಸ್ತ್ರದ ತರಗತಿಯಲ್ಲಿ ಓದಿದ್ದೇವೆ. ಕಿಟಕಿಯು ಹರಹುಳ್ಳ ಮೂಲವಾದುದರಿಂದ ಅದರ ಸಮೀಪದಲ್ಲಿ ಈ ನಿಯಮವು ಅಕ್ಷರಶಃ ಅನ್ವಯಿಸದು. ಆದರೂ ಒಂದು ಮೀಟರು ಅಗಲ, ಅಷ್ಟೇ ಎತ್ತರದ ಕಿಟಕಿಯಿಂದ ಎರಡು ಮೀಟರು ದೂರದಲ್ಲಿದ್ದ ಕೂಸನ್ನು ಒಂದು ಮೀಟರಿಗೆ ತಂದರೆ ಬೆಳಕು ಸುಮಾರು ಮೂರು ಪಟ್ಟಾಗುತ್ತದೆ. ಮೊದಲು ಸೆಕೆಂಡಿನ ೧/೪೦ ಭಾಗ ಬೇಕಾಗಿದ್ದರೆ ಈಗ ಸುಮಾರು ೧/೧೨೫ ಭಾಗ ಸಾಕು. ಬೆಲೆಬಾಳುವ ಸಲಕರಣೆಗಿಂತ ಒಂದು ಮೀಟರಿನ ಈ ಸ್ಥಳಾಂತರವೇ ಹೆಚ್ಚು ಫಲಕಾರಿ. ಮೋಡದ ಬೆಳಕು ಎಲ್ಲ ಕಡೆಯಿಂದಲೂ ಹರಡಿ ಬರುವುದರಿಂದ ಮುಖದ ಮೇಲೆ ಕಟುವಾದ ನೆರಳು ಬೀಳದು. ಬೆಳಕು ಹಣೆಯ ಕಡೆಯಿಂದ ಓರೆಯಾಗಿ ಬೀಳುವಂತೆ ಮಲಗಿಸಬೇಕು. ಗಲ್ಲದ ಕೆಳಗಿನಿಂದ ಬಂದರೆ ಮುಖವು ವಿಕಾರವಾಗಿ ಕಾಣುತ್ತದೆ.

ಕ್ಯಾಮೆರಾದ ಮಿಂಚುದೀಪವನ್ನು ನೇರವಾಗಿ ಮುಖಕ್ಕೆ ಹಾಯಿಸದಿರುವುದು ಒಳಿತು. ಎಣ್ಣೆ ನೀರು ಎರೆದ ಮಗುವಿನ ಚರ್ಮವು ಕನ್ನಡಿಯಂತೆ ಅದನ್ನು ಪ್ರತಿಫಲಿಸುವುದರಿಂದ ಹಣೆ ಕೆನ್ನೆಗಳಲ್ಲಿ ಬಿಳಿಯ ಕಲೆಗಳು ಮೂಡುತ್ತವೆ. ಮೇಲಾಗಿ, ಥಟ್ಟನೆ ಬೆಚ್ಚಿದ ಕೂಸು ಎರಡು ತೋಳುಗಳನ್ನೂ ಹೊರಚಾಚಿ ಅಳತೊಡಗಬಹುದು. ಇದು ಹುಟ್ಟಿನಿಂದಲೇ ಬರುವ ಪ್ರತಿವರ್ತನೆ. ಕೆಲವು ತಿಂಗಳುಗಳಲ್ಲಿ ತಾನಾಗಿ ಮರೆಯಾಗುತ್ತದೆ.

ಬೆಳಕಿನ ಆಸೆಯಿಂದ ಕಿಟಕಿಗೆ ತಂದ ಮಗುವಿಗೆ ಶೀತಗಾಳಿ ತಗಲಬಾರದು. ತೂಕಕ್ಕೆ ಹೋಲಿಸಿದರೆ ಶಿಶುವಿನ ಚರ್ಮದ ಹರವು ದೊಡ್ಡವರಿಗಿಂತ ಬಹಳ ಹೆಚ್ಚು. ಆದಕಾರಣ ಅದರ ದೇಹದ ಶಾಖವು ಬೇಗನೆ ಸೋರಿಹೋಗುತ್ತದೆ. ನಡುಗಿ ಶಾಖವನ್ನು ಉತ್ಪಾದಿಸುವ ಶಕ್ತಿಯೂ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಅದರ ದೇಹದ ಉಷ್ಣತೆಯು ೩೬.೫ರಿಂದ ೩೭.೫ ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಆದುದರಿಂದ ಗಾಜಿನ ಕಿಟಕಿಯನ್ನು ಮುಚ್ಚಿಯೇ ಇಡಿರಿ. ಕುಲಾವಿ, ಹೊದಿಕೆಗಳನ್ನು ತೆಗೆಯದಿರಿ. ಕೋಣೆ ಬೆಚ್ಚಗಾಗಲೆಂದು ಮುಚ್ಚಿದ ಬಾಗಿಲೊಳಗೆ ಕೆಂಡವನ್ನು ಇಡಲೇಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ತಾಯಿಮಕ್ಕಳಿಬ್ಬರ ಪ್ರಾಣಕ್ಕೂ ಎರವಾಗಬಲ್ಲದು.

ಭಂಗಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ನವಜಾತ ಶಿಶುವಿನ ತಲೆಯು ಅದರ ಉದ್ದದ ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ಅದನ್ನು ಹೊರಲು ಕೊರಳಿಗೆ ಬಲವಿಲ್ಲ. ಗಲ್ಲವು ಎದೆಗೆ ಒತ್ತಿದರೆ ಉಸಿರಿನ ದಾರಿ ಕಟ್ಟಬಹುದು. ಅಂಗೈಗಳ ಮೇಲೆ ಗಲ್ಲವನ್ನೂರಿ ಕುಳಿತ ಕೂಸಿನ ಚಿತ್ರವನ್ನು ವಾಚಕರು ನೋಡಿರಬಹುದು. ನುರಿತವರು ಅದನ್ನು ತೆಗೆಯುವ ಕ್ರಮವೇ ಬೇರೆ: ಒಂದು ಚಿತ್ರದಲ್ಲಿ ಸಹಾಯಕರು ಮಗುವಿನ ತಲೆಯನ್ನೂ, ಇನ್ನೊಂದರಲ್ಲಿ ಕೈಗಳನ್ನೂ ಹಿಡಿದಿರುತ್ತಾರೆ. ಬಳಿಕ ಆ ಎರಡನ್ನೂ ಜೋಡಿಸಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಇದನ್ನರಿಯದೆ ಮನೆಯಲ್ಲಿ ಅನುಕರಿಸುವುದು ಅಪಾಯ. ತಾಯಿಯ ಎದೆಯೇ ಉತ್ತಮ ಪೀಠ. ಅಲ್ಲಿ ಆಸರೆಯೂ ಉಂಟು, ಬಿಸುಪೂ ಉಂಟು. ಕೂಸಿನ ದೃಷ್ಟಿಯು ಸುಮಾರು ೨೦ರಿಂದ ೩೦ ಸೆಂಟಿಮೀಟರು ದೂರದಲ್ಲಿ ಚೆನ್ನಾಗಿ ನೆಲೆಸುವುದರಿಂದ, ತಾಯಿಯ ಮುಖವನ್ನು ದಿಟ್ಟಿಸುವ ಗಳಿಗೆಯೂ ಅಲ್ಲಿಯೇ ದೊರೆತೀತು. ಹಾಲು ಕುಡಿದು ನಿದ್ರಿಸುವ ಹೊತ್ತು ಕೆಲಸಕ್ಕೆ ಅನುಕೂಲ.

ಕೊನೆಯದಾಗಿ ಬಣ್ಣದ ವಿಚಾರ. ಎಲೆಗಳ ನಡುವಿನಿಂದ ಬಂದ ಬೆಳಕು ಚರ್ಮಕ್ಕೆ ಹಸುರು ಛಾಯೆಯನ್ನೂ, ಕೆಲವು ವಿದ್ಯುದ್ದೀಪಗಳು ಹಳದಿ ಛಾಯೆಯನ್ನೂ ಕೊಡುತ್ತವೆ. ಮೊಬೈಲ್ ಫೋನಿನ ಕ್ಯಾಮೆರಾವು ತಾನಾಗಿಯೇ ಇವನ್ನು ತಿದ್ದುತ್ತದೆ. ಈ ತಿದ್ದುಪಡಿಯಲ್ಲಿ ನಿಜವಾದ ಹಳದಿಯೂ ಮರೆಯಾಗಬಹುದು! ಅರ್ಧಕ್ಕಿಂತ ಹೆಚ್ಚು ಶಿಶುಗಳಲ್ಲಿ ಮೊದಲ ವಾರ ಕಾಮಾಲೆಯ ಬಣ್ಣ ಕಾಣಿಸುತ್ತದೆ. ಬಹುಮಟ್ಟಿಗೆ ಅದು ತಾನೇ ಇಳಿಯುತ್ತದೆ. ಆದರೆ ಮಿತಿಮೀರಿದರೆ ಮೆದುಳಿಗೆ ಹಾನಿಯಾಗಬಹುದು. ಹುಟ್ಟಿದ ೨೪ ಗಂಟೆಗಳೊಳಗೆ ಹಳದಿ ತೋರಿದರೆ, ಇಲ್ಲವೇ ಅಂಗೈ ಅಂಗಾಲುಗಳಿಗೂ ಹಬ್ಬಿದರೆ, ಒಡನೆಯೇ ವೈದ್ಯರಲ್ಲಿಗೆ ಒಯ್ಯಬೇಕು. ಆಸ್ಪತ್ರೆಯು ದೂರವಿರುವ ಘಟ್ಟದ ಮನೆಗಳಲ್ಲಿ, ಚಿತ್ರದಲ್ಲಿ ಮಗು ಕೆಂಪಗಿದೆಯೆಂದು ನೆಮ್ಮದಿ ತಾಳುವುದು ಸಲ್ಲದು. ಮಗುವನ್ನು ಹಗಲಿನ ಬೆಳಕಿನಲ್ಲಿ ಕಣ್ಣಾರೆ ನೋಡಬೇಕು. ಚಿತ್ರವು ನೆನಪಿಗೆ ಸಾಧನವೇ ಹೊರತು ಆರೋಗ್ಯಕ್ಕೆ ಪ್ರಮಾಣವಲ್ಲ.