ಫೋರ್ ವೀಲ್ ಹಾಕಿದರೂ ಜೀಪು ಹೂತುಕೊಳ್ಳುವುದೇಕೆ?

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದಾರೆ: “ತೋಟದ ದಾರಿಯ ಕೆಸರಲ್ಲಿ ನನ್ನ ಹಳೇ ಜೀಪು ಹೂತುಕೊಂಡಾಗ ಫೋರ್ ವೀಲ್ ಹಾಕಿದರೂ ಎರಡೇ ಚಕ್ರ ಗಿರಗಿರ ತಿರುಗುತ್ತವೆ, ಮುಂದಿನದೊಂದು, ಹಿಂದಿನದೊಂದು. ಉಳಿದೆರಡು ಅಲ್ಲಾಡುವುದೇ ಇಲ್ಲ. ಗೇರ್‌ಬಾಕ್ಸ್ ಬಿಚ್ಚಿಸಬೇಕೇ?”

ದಯವಿಟ್ಟು ಬಿಚ್ಚಿಸಬೇಡಿ. ನಿಮ್ಮ ಜೀಪಿಗೆ ಏನೂ ಆಗಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆಂದೇ ಮುಂದೊಂದು, ಹಿಂದೊಂದು ಡಿಫರೆನ್ಶಿಯಲ್ ಇರುತ್ತದೆ. ಟಾರು ರಸ್ತೆಯಲ್ಲಿ ಇಷ್ಟು ಉಪಕಾರ ಮಾಡುವ ಆ ಗುಂಡು ಪೆಟ್ಟಿಗೆಯೇ ಕೆಸರಿನಲ್ಲಿ ಕೈಕೊಡುತ್ತದೆ.

“ಪವರ್ ಎಲ್ಲಾ ಜಾರುವ ಚಕ್ರಕ್ಕೇ ಹೋಗಿಬಿಡುತ್ತೆ ಸಾರ್” ಎಂದು ಗ್ಯಾರೇಜಿನಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಈ ಮಾತು ಅರ್ಧ ಮಾತ್ರ ನಿಜ, ಉಳಿದರ್ಧದಲ್ಲೇ ಸ್ವಾರಸ್ಯವಿದೆ. ಡಿಫರೆನ್ಶಿಯಲ್ ವೇಗವನ್ನು ಹೇಗೆ ಬೇಕಾದರೂ ಹಂಚುತ್ತದೆ, ಆದರೆ ತಿರುಚುಬಲವನ್ನು ಎರಡೂ ಕಡೆಗೆ ಸರಿಸಮನಾಗಿಯೇ ಕೊಡುತ್ತದೆ. ಕೆಸರಿನಲ್ಲಿರುವ ಚಕ್ರಕ್ಕೆ ಹಿಡಿತವಿಲ್ಲ, ಅದನ್ನು ತಿರುಗಿಸಲು ಹೆಚ್ಚು ಬಲವೇ ಬೇಡ. ಎದುರು ಒತ್ತುವುದೇನೂ ಇಲ್ಲದ ಕಡೆ ಎಂಜಿನ್ ತನ್ನ ಬಲ ತೋರಿಸಲಾರದು. ಆ ಚಕ್ರ 50 ನ್ಯೂಟನ್ ಮೀಟರ್‌ನಷ್ಟೇ ತಡೆ ಒಡ್ಡಿದರೆ, ಗಟ್ಟಿ ಕಲ್ಲಿನ ಮೇಲೆ ನಿಂತ ಅದರ ಜೊತೆ ಚಕ್ರಕ್ಕೂ ಸಿಗುವುದು ಆ 50 ಮಾತ್ರ. ಲೋ ಗೇರಿನಲ್ಲಿ ಸಾವಿರ ಕೊಡಬಲ್ಲ ಎಂಜಿನ್ ಇದ್ದರೂ ಪ್ರಯೋಜನವಿಲ್ಲ. ಆಕ್ಸಿಲರೇಟರ್ ತುಳಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ಆಳ ಮಾಡಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ನಮ್ಮ ಟ್ರ್ಯಾಕ್ಟರುಗಳಲ್ಲಿ ದಶಕಗಳಿಂದ ಇದೆ. ಟ್ರ್ಯಾಕ್ಟರಿಗೆ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್. ರಸ್ತೆಗಿಳಿದಾಗ ಎರಡನ್ನೂ ಒಂದು ಪಟ್ಟಿಯಿಂದ ಸೇರಿಸಿಕೊಳ್ಳಬೇಕು, ಗದ್ದೆಯಲ್ಲಿ ಬಿಡಿಸಿಕೊಳ್ಳಬಹುದು. ಬದುವಿನ ಪಕ್ಕ ಎಡಚಕ್ರ ಜಾರತೊಡಗಿತೆನ್ನಿ. ಪಳಗಿದ ಚಾಲಕ ಎಡ ಬ್ರೇಕನ್ನಷ್ಟೇ ಮೆಲ್ಲಗೆ ಅದುಮುತ್ತಾನೆ, ಟ್ರ್ಯಾಕ್ಟರ್ ಮುಂದಕ್ಕೆ ಹೊರಡುತ್ತದೆ! ಬ್ರೇಕ್ ಒತ್ತಿದರೆ ಗಾಡಿ ಚಲಿಸುತ್ತದೆ ಎಂಬುದನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗೇ. ಬ್ರೇಕು ಜಾರುವ ಚಕ್ರಕ್ಕೆ ತಡೆ ಒಡ್ಡಿತು, ತಡೆ ಹೆಚ್ಚಿದಷ್ಟೂ ಎಂಜಿನ್ ಬಲ ಕೊಟ್ಟಿತು, ಅಷ್ಟೇ ಬಲ ಗಟ್ಟಿ ನೆಲದ ಮೇಲಿದ್ದ ಬಲಚಕ್ರಕ್ಕೂ ಸಂದಿತು.

2020ರ ಥಾರ್‌ನ ಕೆಲವು ಮಾದರಿಗಳಲ್ಲೂ 2023ರಲ್ಲಿ ಬಂದ ಜಿಮ್ನಿಯಲ್ಲೂ ನಡೆಯುವುದು ಇದೇ. ಪ್ರತಿ ಚಕ್ರದ ವೇಗವನ್ನು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರು ಜಾರುವ ಚಕ್ರವೊಂದಕ್ಕೇ ಬ್ರೇಕ್ ಹಾಕುತ್ತದೆ. ಹಳೇ ಜೀಪಿಗೆ ಈ ಸೌಲಭ್ಯವಿಲ್ಲ, ಅಲ್ಲಿ ಚಾಲಕನ ಕಣ್ಣಳತೆಯೇ ಗತಿ. ಕೊಡಚಾದ್ರಿ ಹತ್ತಿಸುವ ಜೀಪಿನವರನ್ನು ಗಮನಿಸಿ. ಕೊರಕಲಿನ ಎರಡೂ ದಂಡೆಗಳ ಮೇಲೆ ಚಕ್ರಗಳನ್ನು ಹತ್ತಿಸಿಕೊಂಡು, ಓರೆಯಲ್ಲಿರುವ ಎರಡು ಚಕ್ರ ಒಟ್ಟಿಗೆ ಗಾಳಿಗೇಳದಂತೆ ನೋಡಿಕೊಳ್ಳುತ್ತಾರೆ. ಆ ಕಣ್ಣಳತೆಗೆ ಸಮನಾದ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗದು.

ಅಂಗಡಿಯಲ್ಲಿ ಸಿಗುವುದು ದೊಡ್ಡ ಟೈರು. ಅದು ನೆಲದಿಂದ ಎತ್ತರ ಕೊಡುತ್ತದೆ ನಿಜ, ಜೊತೆಗೆ ಎಳೆತ ತಗ್ಗುತ್ತದೆ, ಬ್ರೇಕಿನ ಕೆಲಸ ಹೆಚ್ಚುತ್ತದೆ, ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ವಾಹನದ ಮಾರ್ಪಾಡಿಗೆ ಸಂಬಂಧಿಸಿದ, ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನನ್ನೂ ಓದಿಕೊಂಡು ಮುಂದುವರಿಯಿರಿ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರಿಗಂತೂ ಖಂಡಿತವಾಗಿ ಹೇಳುತ್ತೇನೆ: ಯಾವ ದೃಷ್ಟಿಯೂ ಜೀಪನ್ನು ಕೆಡಿಸುವುದಿಲ್ಲ. ಹಳ್ಳದ ನೀರು ಕೆಡಿಸುತ್ತದೆ, ಅದೂ ಕಣ್ಣಿಗೆ ಬೀಳದಂತೆ.

ಹೇಗೆಂದರೆ, ಘಾಟಿ ಹತ್ತಿ ಬಂದ ಜೀಪಿನಲ್ಲಿ ಡಿಫರೆನ್ಶಿಯಲ್ ಅಡಗಿರುವ ಆಕ್ಸಲ್ ಕಾದಿರುತ್ತದೆ. ಅದನ್ನು ತಣ್ಣನೆಯ ಹಳ್ಳಕ್ಕಿಳಿಸಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಗಾಳಿ ಎಳೆದುಕೊಳ್ಳಬೇಕಾಗುತ್ತದೆ. ಅದಕ್ಕೆಂದು ಆಕ್ಸಲ್ ಮೇಲೆ ಬ್ರೀದರ್ ಎಂಬ ಪುಟ್ಟ ಮೂತಿ ಇದೆ. ಅದು ಮಣ್ಣು ಕಟ್ಟಿಕೊಂಡಿದ್ದರೆ, ಎಣ್ಣೆಯನ್ನು ಒಳಗಿಡಲೆಂದೇ ಮಾಡಿದ ಆಯಿಲ್ ಸೀಲಿನ ಅಂಚಿನಿಂದ ನೀರು ಒಳನುಗ್ಗುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೆಂದರೆ ನೀರು ಸೇರಿದೆ ಎಂದೇ ಅರ್ಥ. ಹಾಗೇ ಓಡಿಸಿದರೆ ಬೇರಿಂಗುಗಳು ತುಕ್ಕು ಹಿಡಿಯುತ್ತವೆ, ಕ್ರೌನ್ ವೀಲ್ ಸವೆಯುತ್ತದೆ. ಬ್ರೀದರಿಗೆ ಒಂದು ರಬ್ಬರ್ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಬಾನೆಟ್ಟಿನ ಒಳಗೆ ಎತ್ತರದಲ್ಲಿ ಕಟ್ಟಿಸಿ. ಜೀಪಿಗೆ ಮಾಡಿಸಬಹುದಾದ ಮಾರ್ಪಾಡುಗಳಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ.

ಹಳ್ಳ ದಾಟಿ ಬಂದ ರಾತ್ರಿ ಜೀಪನ್ನು ಸಮತಟ್ಟಾದ ಕಡೆ ನಿಲ್ಲಿಸಿಡಿ. ಬೆರೆಯದೆ ಉಳಿದ ನೀರು ಎಣ್ಣೆಗಿಂತ ಭಾರವಾದ್ದರಿಂದ ಬೆಳಗಾಗುವುದರಲ್ಲಿ ತಳಕ್ಕಿಳಿದಿರುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲೇ ಆಕ್ಸಲ್ ಕೆಳಗಿನ ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿ ನೋಡಿ. ಮೊದಲು ನೀರು ತೊಟ್ಟಿಕ್ಕಿದರೂ ಸರಿ, ಎಣ್ಣೆಯೇ ಕಲಸಿಕೊಂಡು ಬಂದರೂ ಸರಿ, ಎಲ್ಲವನ್ನೂ ಇಳಿಸಿ ಹೊಸದು ಹಾಕಿಸಿ.